ಕಾರ್ಖಾನೆಗಳೆಲ್ಲ ಸುಟ್ಟುಹೋದ ಮೇಲೆ ನನ್ನ ಸೈನಿಕರಿಗೆ ಗುಂಡು ಎಲ್ಲಿಂದ ಬರುತ್ತೆ?

ಬೂದಿಮಳೆ:
ಎಲ್ರಿಗೂ ನಮಸ್ಕಾರ. ಒಂದು ಪಲ್ಪ್ ಥರದ ಸೈ-ಫೈ ಕತೆ ಬರೀತಿದೀನಿ. ದೊಡ್ಡ ಸಾಹಿತ್ಯ ಏನಲ್ಲ, ಓದೋರು ಕೂತಲ್ಲೇ ಮುಗಿಸ್ಬೇಕು ಅಷ್ಟೇ. ನಲವತ್ತು ವರ್ಷದಿಂದ ಯುದ್ಧ ನಡೀತಾನೇ ಇದೆ, ಊರುಗಳೆಲ್ಲ ಕಲ್ಲುರಾಶಿ, ಯಾಕೆ ಶುರುವಾಯ್ತು ಅಂತ ಯಾರಿಗೂ ನೆನಪಿಲ್ಲ, ಏಳು ಜನರ ಒಂದು ತುಕಡಿ ಒಂದು ಬಂಕರಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗ್ಬೇಕು. ಸ್ನೇಹಿತನಿಗೆ ಓದೋಕೆ ಕೊಟ್ಟೆ, ಅವನು ಕೇಳಿದ್ದು ಒಂದೇ ಪ್ರಶ್ನೆ: "ಕಾರ್ಖಾನೆಗಳೆಲ್ಲ ಭಸ್ಮ ಅಂತ ಮೊದಲ ಪುಟದಲ್ಲೇ ಬರ್ದಿದೀಯ, ಮತ್ತೆ ಇವ್ರು ಪುಟಪುಟಕ್ಕೂ ಹಾರಿಸ್ತಿರೋ ಗುಂಡನ್ನ ಯಾರಪ್ಪಾ ಮಾಡಿಕೊಡ್ತಿರೋದು?" ಅವತ್ತಿಂದ ಒಂದು ಸಾಲೂ ಮುಂದಕ್ಕೆ ಹೋಗಿಲ್ಲ. ಲೇಸರ್ ಗನ್ ಕೊಟ್ಟು ಕೈ ತೊಳ್ಕೊಳ್ಲಾ ಅಥವಾ ಇದನ್ನೆಲ್ಲ ಓದುಗರು ಗಮನಿಸೋದೇ ಇಲ್ವಾ? ಇಂಥ ಕತೆ ಜಾಸ್ತಿ ಓದಿರೋರು ಸ್ವಲ್ಪ ಹೇಳಿ.

ಹಿತ್ತಾಳೆ:
ನಿಮ್ಮ ಸ್ನೇಹಿತ ಪುಕ್ಕಟೆಯಾಗಿ ಒಂದು ಕತೆ ಕೊಟ್ಟಿದಾರೆ, ನೀವು ಅದನ್ನ ಕಷ್ಟ ಅಂತಿದೀರಲ್ಲ ಗುರುಗಳೇ.

ಲೇಸರ್ ಬೇಡ. ಅದಕ್ಕೂ ಬ್ಯಾಟರಿ ಬೇಕು, ಚಾರ್ಜ್ ಮಾಡೋಕೆ ಕರೆಂಟ್ ಬೇಕು, ಅದೇ ಪ್ರಶ್ನೆ ಇನ್ನೊಂದು ಬಾಗಿಲಿಂದ ಒಳಗೆ ಬರುತ್ತೆ. ಮಾಮೂಲಿ ರೈಫಲ್ಲೇ ಇರ್ಲಿ. ಒಂದು ತೋಟಾ ಅಂದ್ರೆ ನಾಲ್ಕು ಸಾಮಾನು: ಹಿತ್ತಾಳೆ ಕೇಸು, ಒಳಗಿನ ಮದ್ದು, ಮುಂದಿನ ಸೀಸದ ಗುಂಡು, ಹಿಂದುಗಡೆ ಪ್ರೈಮರ್ ಅಂತ ಒಂದು ಪುಟ್ಟ ಬಟ್ಟಲು, ಏಟು ಬಿದ್ರೆ ಸಿಡಿದು ಮದ್ದಿಗೆ ಬೆಂಕಿ ಕೊಡೋದು ಅದೇ. ಸೀಸ ಸಿಗುತ್ತೆ ಬಿಡಿ, ಹಾಳೂರಲ್ಲಿ ಸತ್ತ ವಾಹನಗಳ ಬ್ಯಾಟರಿ ಬಿಚ್ಚಿದ್ರೆ ಬೇಕಾದಷ್ಟು. ಕೇಸು ಒಂದು ಸಲಕ್ಕೆ ಮುಗಿಯೋ ವಸ್ತು ಅಲ್ಲ, ಬಿರುಕು ಬಿಡೋ ತನಕ ಮತ್ತೆ ಮತ್ತೆ ತುಂಬಬಹುದು. ಅಂದ್ರೆ ನಿಮ್ಮ ತುಕಡಿ ಗುಂಡಿನ ಚಕಮಕಿ ಮುಗಿದ ತಕ್ಷಣ ಗಾಯಾಳು ಕಡೆ ಓಡಲ್ಲ, ಮೊದ್ಲು ಮಂಡಿಯೂರಿ ಬೂದಿ ಒಳಗೆ ಕೈಯಾಡಿಸಿ ಖಾಲಿ ಕೇಸು ಆರಿಸುತ್ತೆ, ಇನ್ನೂ ಬೆರಳು ಸುಡೋ ಅಷ್ಟು ಬಿಸಿ ಇರ್ತವೆ. ಆರಿಸಿದ್ಮೇಲೆ ಬೆಳಕಿಗೆ ಹಿಡಿದು ಒಳಗೆ ಇಣುಕ್ತಾರೆ. ತಳದಲ್ಲಿ ನಡುವೆ ಒಂದೇ ತೂತು ಇದ್ರೆ ಅದು ಬಾಕ್ಸರ್ ಅನ್ನೋ ಥರದ ಪ್ರೈಮರಿಂದು, ಕಡ್ಡಿ ತೂರಿಸಿ ಹಳೇ ಪ್ರೈಮರ್ ಸುಲಭವಾಗಿ ತೆಗೀಬಹುದು, ಚೀಲಕ್ಕೆ ಹಾಕ್ಕೊಳ್ಳಿ. ಎರಡು ಸಣ್ಣ ತೂತು ಇದ್ರೆ ಬರ್ಡನ್ ಅನ್ನೋ ಇನ್ನೊಂದು ಥರ, ತಲೆನೋವಿನ ಕೆಲಸ, ತುಂಬ ಜನ ಬಿಸಾಕ್ತಾರೆ. ಶತ್ರು ಯಾವ ಕೇಸು ಬಿಸಾಕಿ ಹೋಗಿದಾನೆ ಅನ್ನೋದ್ರಲ್ಲೇ ಅವನ ಹತ್ರ ಇನ್ನೂ ಸರಬರಾಜು ಇದೆಯೋ ಇಲ್ವೋ ಗೊತ್ತಾಗುತ್ತೆ. ಇದೊಂದು ದೃಶ್ಯ ಬರೀರಿ, ಹತ್ತು ಪುಟ ಸ್ಫೋಟ ಉಳಿಯುತ್ತೆ.

ಮದ್ದಿನ ಕತೆ ಬೇರೆ. ಹೊಗೆ ಬರದ ಮದ್ದಿಗೆ ನೈಟ್ರಿಕ್ ಆಸಿಡ್ ಬೇಕು, ದೊಡ್ಡ ಪ್ರಮಾಣದಲ್ಲಿ ಅಂದ್ರೆ ಅದು ಅಮೋನಿಯದಿಂದ ಬರ್ಬೇಕು, ಅಮೋನಿಯಕ್ಕೆ ಹೇಬರ್-ಬಾಷ್ (ಗಾಳಿಯ ನೈಟ್ರೋಜನ್‌ನಿಂದ ಅಮೋನಿಯ ಮಾಡೋ ವಿಧಾನ) ಥರದ ಭಾರೀ ಸ್ಥಾವರ ಬೇಕು. ಮೊದಲ ಮಹಾಯುದ್ಧದಲ್ಲಿ ಈ ಆಸಿಡ್ ಮಾಡೋಕೆ ಚಿಲಿಯಿಂದ ಬರ್ತಿದ್ದ ನೈಟ್ರೇಟನ್ನ ಬ್ರಿಟಿಷ್ ನೌಕಾಪಡೆ ತಡೀತು, ಆದ್ರೂ ಜರ್ಮನಿ ಅಷ್ಟು ವರ್ಷ ಕಾದಾಡಿದ್ದಕ್ಕೆ 1913ರಲ್ಲಿ ಓಪ್ಪಾವ್‌ನಲ್ಲಿ ಶುರುವಾದ ಅಮೋನಿಯ ಕಾರ್ಖಾನೆ ಒಂದು ಮುಖ್ಯ ಕಾರಣ. ಹಾಗಾಗಿ ನಿಮ್ಮ ಲೋಕದಲ್ಲಿ ಎಲ್ಲೋ ಒಂದು ಕಡೆ ಅಂಥ ಒಂದು ಕಾರ್ಖಾನೆ ಉಸಿರಾಡ್ತಾ ಇರ್ಲೇಬೇಕು, ಇಲ್ಲಾಂದ್ರೆ ಹಳೇ ಗೋದಾಮುಗಳ ದಾಸ್ತಾನಿನ ಮೇಲೆ ಬದುಕ್ಬೇಕು. ಒಣ ಜಾಗದಲ್ಲಿಟ್ಟ ತೋಟಾ ದಶಕಗಟ್ಟಲೆ ಕೆಡಲ್ಲ, ಅದು ನಿಮಗೆ ಅನುಕೂಲ.

ಪೆಟ್ರೋಲ್ ಮಾತ್ರ ಹಾಗಲ್ಲ, ತಿಂಗಳುಗಳು ಕಳೆದಂತೆ ಕೆಡ್ತಾ ಹೋಗುತ್ತೆ. ಎಷ್ಟೋ ಕತೆಗಳಲ್ಲಿ ಇಪ್ಪತ್ತು ವರ್ಷದ ಹಳೇ ಬಂಕ್‌ನಿಂದ ತುಂಬಿಸ್ಕೊಂಡು ಜುಮ್ ಅಂತ ಹೋಗ್ತಾರೆ, ನಂಗೆ ಅಲ್ಲೇ ಪುಸ್ತಕ ಮುಚ್ಚೋ ಹಾಗಾಗುತ್ತೆ.

ಓಟಗಾರ:
ಹಿತ್ತಾಳೆ ಸರ್, ಮಾಹಿತಿ ಸೂಪರ್, ಆದ್ರೆ ಇದನ್ನೆಲ್ಲ ಹಾಕಿದ್ರೆ ಅದು ಪಲ್ಪ್ ಆಗಲ್ಲ, ಸ್ಟೋರ್ ಕೀಪರ್ ಡೈರಿ ಆಗುತ್ತೆ. ಪಲ್ಪ್ ಅಂದ್ರೆನೇ ಅಗ್ಗದ ಕಾಗದ, ಪದಕ್ಕೆ ಒಂದು ಸೆಂಟ್ ಆಸುಪಾಸು ಸಂಭಾವನೆ, ಬರೆಯೋನು ನಿಲ್ಲಿಸಿ ಯೋಚಿಸಿದ್ರೆ ಅವನ ಒಲೆ ಉರಿಯಲ್ಲ. 1926ರಲ್ಲಿ ಅಮೇಜಿಂಗ್ ಸ್ಟೋರೀಸ್ ಅನ್ನೋ ಸೈ-ಫೈ ಪತ್ರಿಕೆ ಶುರುವಾದಾಗಿಂದ ಓದುಗ ಕೇಳಿರೋದು ಮುಂದೇನಾಯ್ತು ಅಂತ, ಗುಂಡು ಎಲ್ಲಿಂದ ಬಂತು ಅಂತಲ್ಲ. ಬೂದಿಮಳೆ, ನೀವು ಸುಮ್ನೆ ಬರೀತಾ ಹೋಗಿ. ಓಟ ಇದ್ರೆ ತೂತು ಕಾಣಲ್ಲ.

ಹಿತ್ತಾಳೆ:
ಓಟಗಾರ ಅವ್ರೇ, ಓಡ್ತಾ ಓಡ್ತಾನೇ ಗುಂಡು ಖಾಲಿ ಆದ್ರೆ ಓಟ ಜಾಸ್ತಿ ಆಗುತ್ತಲ್ವಾ. ಅಷ್ಟೇ ನನ್ ವಾದ.

ಹಳೇ ಕಪಾಟು:
ಇಬ್ರೂ ಅರ್ಧರ್ಧ ಸರಿ ಅನ್ಸುತ್ತೆ. ಈ ಪ್ರಶ್ನೆನ 1953ರಲ್ಲೇ ಅಮೆರಿಕದ ಸೈ-ಫೈ ಲೇಖಕ ಫಿಲಿಪ್ ಕೆ. ಡಿಕ್ ಎತ್ಕೊಂಡು, ಅದನ್ನೇ ಇಡೀ ಕತೆಯ ಹೊಟ್ಟೆ ಮಾಡಿದಾನೆ, ಕತೆ ಹೆಸರು ಸೆಕೆಂಡ್ ವೆರೈಟಿ. ಭೂಮಿ ಬೂದಿಯಾಗಿದೆ, ಅಮೆರಿಕದ ಮುಖ್ಯ ನೆಲೆ ಚಂದ್ರನ ಮೇಲೆ ಹೋಗಿದೆ, ಉಳಿದ ಸೈನಿಕರು ಬಂಕರಲ್ಲಿ. ಆಯುಧ ಮಾಡೋರು ಯಾರು? ನೆಲದಡಿ ತಾನೇ ತಾನಾಗಿ ನಡೆಯೋ ಕಾರ್ಖಾನೆಗಳು. ಮನುಷ್ಯರು ಯಾರೂ ಒಳಗೆ ಹೋಗಲ್ಲ, ಏನು ತಯಾರಾಗ್ತಿದೆ ಅಂತ ನೋಡೋದೂ ಇಲ್ಲ. ಅಲ್ಲಿಂದ ಏನೇನು ಹೊರಗೆ ಬರುತ್ತೆ ಅನ್ನೋದೇ ಕತೆ, ಓದದೇ ಇರೋರಿಗೆ ಹಾಳು ಮಾಡಲ್ಲ. ನೋಡಿ, ಸರಬರಾಜಿನ ಪ್ರಶ್ನೆಯಿಂದಲೇ ಭಯ ಹುಟ್ಟಿದೆ, ಓಟವೂ ಎಲ್ಲೂ ನಿಂತಿಲ್ಲ.

ಇನ್ನೊಂದು ವಿಷಯ. ಬೂದಿಮಳೆ, ನಿಮ್ಮ ಏಳು ಜನಕ್ಕೆ ಹೋಗೋಕೆ ಮನೆ ಅಂತ ಇದೆಯಾ? ನಾನು ಓದಿರೋ ಯುದ್ಧದ ಸೈ-ಫೈನಲ್ಲಿ ಮನಸ್ಸಲ್ಲಿ ಉಳಿದಿದ್ದು ಕಾಳಗಗಳಲ್ಲ. ಹೈನ್‌ಲೈನ್‌ನ ಸ್ಟಾರ್‌ಶಿಪ್ ಟ್ರೂಪರ್ಸ್ (1959) ತಗೊಳ್ಳಿ, ಯಂತ್ರಕವಚ ಹಾಕ್ಕೊಂಡು ಜಿಗಿಯೋ ಸೈನಿಕರ ಚಿತ್ರ ಎಲ್ರಿಗೂ ಗೊತ್ತು, ಆದ್ರೆ ಪುಸ್ತಕದ ಬಹಳಷ್ಟು ಭಾಗ ತರಬೇತಿ ಶಿಬಿರ ಮತ್ತು ಪಾಠ. ಆತ ನೌಕಾಪಡೆಯಲ್ಲಿದ್ದೋನು, ಕ್ಷಯ ಬಂದು 1934ರಲ್ಲಿ ನಿವೃತ್ತಿಯಾದ, ಯುದ್ಧ ಕಂಡೋನಲ್ಲ. ಜೋ ಹಾಲ್ಡಮನ್ ವಿಯೆಟ್ನಾಂಗೆ ಹೋಗಿ ಗಾಯಗೊಂಡು ಬಂದೋನು, 1974ರಲ್ಲಿ ದಿ ಫಾರೆವರ್ ವಾರ್ ಬರೆದ, ಅದರಲ್ಲಿ ಸಾವು ತರಬೇತಿಯಲ್ಲೇ ಶುರುವಾಗುತ್ತೆ, ಶತ್ರು ಇನ್ನೂ ಕಣ್ಣಿಗೇ ಬಿದ್ದಿಲ್ಲ. ಬೆಳಕಿನ ವೇಗದ ಹತ್ತಿರ ಹೋಗಿ ಬರೋದ್ರಿಂದ ಸೈನಿಕನಿಗೆ ಕೆಲವೇ ವರ್ಷ ಕಳೆದಿರುತ್ತೆ, ಊರಲ್ಲಿ ದಶಕಗಳು, ಆಮೇಲೆ ಶತಮಾನಗಳು. ವಾಪಸ್ ಬಂದ್ರೆ ಅವನಿಗೆ ಆ ಲೋಕದಲ್ಲಿ ಜಾಗವೇ ಇಲ್ಲ. ತಮಾಷೆ ಅಂದ್ರೆ, ಅವನು ಮನೆಗೆ ಬರೋ ಆ ನಡುವಿನ ಭಾಗವನ್ನೇ ಅನಲಾಗ್ ಪತ್ರಿಕೆ ಸಂಪಾದಕ ಬೆನ್ ಬೋವಾ ತೀರಾ ನಿರಾಶೆಯದ್ದು ಅಂತ ಬೇಡ ಅಂದಿದ್ದ, ಅದು ಪುಸ್ತಕದೊಳಗೆ ವಾಪಸ್ ಸೇರಿದ್ದು ಎಷ್ಟೋ ವರ್ಷ ಆದ್ಮೇಲೆ.

ಇದೇ ಸಾಲಲ್ಲಿ ಡೇವಿಡ್ ಡ್ರೇಕ್ ಇದಾನೆ, ಅವನೂ ವಿಯೆಟ್ನಾಂ, ಕಾಂಬೋಡಿಯಾ ಕಡೆ ಟ್ಯಾಂಕ್ ರೆಜಿಮೆಂಟ್ ಜೊತೆ ಇದ್ದೋನು. ಅವನ ಬಾಡಿಗೆ ಸೈನಿಕರ ಕತೆಗಳಲ್ಲಿ ಧ್ವಜ, ಭಾಷಣ ಏನೂ ಇರಲ್ಲ, ಕೆಲಸ ಮುಗಿಸು, ದುಡ್ಡು ತಗೋ, ಮುಂದಿನ ಗ್ರಹ. ಕೆಲವರಿಗೆ ಒರಟು ಅನ್ಸುತ್ತೆ, ನಂಗೆ ಅದೇ ಇಷ್ಟ.

ಕಾಲ್ದಳ:
ಒಂದು ಸಣ್ಣ ಸೇರಿಕೆ. ಏಳು ಜನರನ್ನ ನಡೆಸ್ತಿದೀರಿ, ಸಾಕ್ಸ್ ಬಗ್ಗೆ ಒಂದು ಸಾಲಾದ್ರೂ ಬರೀರಿ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸದಾ ಒದ್ದೆ ಬೂಟಲ್ಲೇ ನಿಂತು ಕಾಲು ಕೊಳೆತು ಸಾವಿರಾರು ಜನ ಆಸ್ಪತ್ರೆ ಸೇರಿದ್ರು, ಆಮೇಲೆ ಜೋಡಿಜೋಡಿ ಮಾಡಿ ಒಬ್ಬರ ಕಾಲು ಇನ್ನೊಬ್ಬರು ನೋಡ್ಬೇಕು ಅನ್ನೋ ಪದ್ಧತಿ ಬಂತು. ಏಳು ಬೆಸಸಂಖ್ಯೆ ಅಲ್ವಾ, ಒಬ್ಬನಿಗೆ ಜೋಡಿ ಇಲ್ಲ. ಯಾರು ಅವನು?

ಬೂದಿಮಳೆ:
ಕಾಲ್ದಳ ಅಣ್ಣಾ ಕೊನೇ ಸಾಲು ಓದಿ ಮೈ ಜುಂ ಅಂತು. ಜೋಡಿ ಇಲ್ಲದೋಳು ನಮ್ಮ ರೇಡಿಯೋ ಹುಡುಗಿ, ಫಿಕ್ಸ್.

ಓಟಗಾರ ಹೇಳಿದ್ದೂ ತಲೇಲಿದೆ, ಹಾಗಾಗಿ ಕಾರ್ಖಾನೆ ವಿವರ ಎಲ್ಲ ಕಟ್ ಮಾಡಿ ಕೇಸು ಆರಿಸೋ ದೃಶ್ಯ ಮಾತ್ರ ಇಟ್ಕೋತೀನಿ. ಇವ್ರು ಸುಮ್ನೆ ನಡೀತಿರೋದಲ್ಲ, ಒಂದು ಪೆಟ್ಟಿಗೆ ಹೊತ್ಕೊಂಡು ಹೋಗ್ತಿದಾರೆ, ಅದ್ರ ತುಂಬ ಪ್ರೈಮರ್, ಆ ಕಡೆ ಬಂಕರಲ್ಲಿ ಮದ್ದು ಇದೆ ಸೀಸ ಇದೆ ಇದೊಂದೇ ಇಲ್ಲ. ಓಕೇನಾ ಹಿತ್ತಾಳೆ ಸರ್? ಪ್ರೈಮರ್‌ನೆಲ್ಲ ಕೈಚೀಲಕ್ಕೆ ಹಾಗೇ ಸುರ್ಕೊಂಡು ಹೋಗ್ಬಹುದಾ?

ಹಿತ್ತಾಳೆ:
ಐಡಿಯಾ ಪಕ್ಕಾ. ಆದ್ರೆ ಹಾಗೇ ಖಂಡಿತ ಸುರೀಬೇಡಿ, ಪ್ರೈಮರ್‌ಗೆ ಸಿಡಿಯೋ ಸ್ವಭಾವ ಇದೆ, ಒತ್ತೊತ್ತಾಗಿ ಗುಡ್ಡೆ ಹಾಕಿದಾಗ ಒಂದು ಸಿಡಿದ್ರೆ ಎಲ್ಲ ಒಟ್ಟಿಗೆ ಹೋಗ್ಬಹುದು. ಅದಕ್ಕೇ ತಯಾರಿಸೋರು ಒಂದಕ್ಕೊಂದು ತಾಗದ ಹಾಗೆ ಗುಳಿ ಗುಳಿ ಇರೋ ತಟ್ಟೇಲಿ ಇಡ್ತಾರೆ. ನಿಮ್ಮವರ ತಟ್ಟೆ ಮೂರನೇ ಅಧ್ಯಾಯದಲ್ಲಿ ಒಡೀಲಿ, ಆಮೇಲೆ ಅದನ್ನ ಯಾರು ಹೊರ್ತಾರೆ ಅಂತ ಆರೂ ಜನ ಜಗಳ ಆಡ್ಲಿ.

ಓಟಗಾರ:
ಏಳು ಜನ ಅಲ್ವಾ?

ಹಿತ್ತಾಳೆ:
ತಟ್ಟೆ ಹೇಗೆ ಒಡೀತು ಅಂದ್ಕೊಂಡ್ರಿ ಮತ್ತೆ.