ವೈ-ಫೈದಾಗ ಕ್ಯಾಮೆರಾ ಬರ್ತದ, ಮೊಬೈಲ್ ಡೇಟಾದಾಗ ಬರವಲ್ದು

ತಿಕೋಟಾ_ವಸ್ತಿ:
ತಿಕೋಟಾ ಹತ್ರ ತೋಟದ ವಸ್ತಿ. ಮನಿಗೆ 2, ಒಣದ್ರಾಕ್ಷಿ ಶೆಡ್ಡಿಗೆ 2 ಕ್ಯಾಮೆರಾ, 4 ಚಾನೆಲ್ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೂ ಡಬ್ಬಿ). ಫೈಬರ್ ಕನೆಕ್ಷನ್, ಒಎನ್‌ಟಿ ಡಬ್ಬಿಯಿಂದ (ಫೈಬರ್ ಬಂದು ಸೇರೂದು) ನಮ್ಮ ರೌಟರಿಗೆ ಕೇಬಲ್. ವಸ್ತಿ ವೈ-ಫೈದಾಗ ನಾಲ್ಕೂ ಛಲೋ ಕಾಣಸ್ತಾವ. ವಿಜಯಪುರಕ್ಕ ಹೋಗಿ ಮೊಬೈಲ್ ಡೇಟಾದಾಗ ತೆರದ್ರ ಕನೆಕ್ಷನ್ ಫೇಲ್. ಡಿವಿಆರ್ ಐಪಿ (ನೆಟ್‌ವರ್ಕ್ ವಿಳಾಸ) 192.168.0.108. ಅದಕ್ಕ 37777 ಟಿಸಿಪಿ ಪೋರ್ಟ್ ಫಾರ್ವರ್ಡ್ ಮಾಡೀನಿ (ಹೊರಗಿಂದ ಆ ನಂಬರಿಗೆ ಬಂದದ್ದನ್ನ ರೌಟರ್ ಡಿವಿಆರಿಗೆ ಕಳಸೂ ಹಂಗ), ಡಿಡಿಎನ್‌ಎಸ್ ಹಾಕೀನಿ. ಆದ್ರೂ ಪೋರ್ಟ್ ಚೆಕ್ ಮಾಡಿದ್ರ 'ಕ್ಲೋಸ್ಡ್'. ರೌಟರಿನ ಸ್ಟೇಟಸ್ ಪುಟದಾಗ ವ್ಯಾನ್ (ಇಂಟರ್ನೆಟ್ ಬದಿಯ) ಐಪಿ 100.72 ಅಂತ ಶುರು ಆಗ್ತದ. ಸ್ಟ್ಯಾಟಿಕ್ (ಬದಲಾಗದ) ಐಪಿಗೆ ರೊಕ್ಕ ಕಟ್ಟಬೇಕೇನ್ರಿ?

ನವನಗರ_ನೆಟ್ (ಬಾಗಲಕೋಟೆ):
ತಡೀರಿ, ಈಗ ಕಟ್ಟಬ್ಯಾಡ್ರಿ. ಆ 100.72 ದಾಗ ಉತ್ತರ ಐತಿ. 100.64.0.0 ದಿಂದ 100.127.255.255 ತನಕದ ಐಪಿ ಇಂಟರ್ನೆಟ್ ಕಂಪನಿಗಳ ಒಳಗಿನ ಬಳಕೆಗೆ ಮೀಸಲು. ಒಂದ ಪಬ್ಲಿಕ್ (ಇಂಟರ್ನೆಟ್ಟಿಗೆ ಕಾಣೂ) ಐಪಿ ಹಿಂದ ಭಾಳ ಮನಿ ಇರ್ತಾವ, ಇದಕ್ಕ ಸಿಜಿನ್ಯಾಟ್ ಅಂತಾರ. ಹೊರಗಿಂದ ಬಂದದ್ದು ಕಂಪನಿ ಸಾಧನದಾಗ ನಿಂತು ಬಿಡತೈತಿ, ನಿಮ್ಮ ರೌಟರ್ ತನಕ ಬರೂದ ಇಲ್ಲ. ನೀವು ಮಾಡಿದ ಫಾರ್ವರ್ಡಿಂಗ್ ಸರಿ ಐತಿ, ಆದ್ರ ಅದಕ್ಕ ಕೆಲಸ ಸಿಗವಲ್ದು. ಡಿಡಿಎನ್‌ಎಸ್ಸೂ ಅಷ್ಟ: ಹೆಸರನ್ನ ಒಂದು ಐಪಿಗೆ ಜೋಡಸತೈತಿ, ಆ ಐಪಿ ನಿಮ್ಮೊಬ್ಬರದಲ್ಲ. (ವ್ಯಾನ್ ಐಪಿ 192.168 ಅಂತ ಇದ್ದಿದ್ರ ಬ್ಯಾರೆ ಮಾತು. ಒಎನ್‌ಟಿನೂ ರೌಟರ್ ಆಗಿ ಕುಂತಿರತೈತಿ, ಅದನ್ನ ರೌಟರ್ ಕೆಲಸ ಬಿಟ್ಟು ಬರೇ ಸಂಪರ್ಕ ದಾಟಿಸೂ ಬ್ರಿಡ್ಜ್ ಮೋಡಿಗೆ ಹಾಕಿಸಬೇಕು.)

ಪಿ2ಪಿ ಬಳಸ್ರಿ. ಅದರಾಗ ಡಿವಿಆರ್ ತಾನ ಒಳಗಿಂದ ಹೊರಗಿನ ಸರ್ವರಿಗೆ ಕನೆಕ್ಟ್ ಆಗತೈತಿ, ಸಿಜಿನ್ಯಾಟ್ ಅಡ್ಡ ಬರೂದಿಲ್ಲ. ಮೊದಲ ಡಿವಿಆರ್ ನೆಟ್‌ವರ್ಕ್ ಮೆನುದಾಗ ಗೇಟ್‌ವೇ (ಹೊರಗ ಹೋಗೂ ದಾರಿ, ಅಂದ್ರ ರೌಟರಿನ ಐಪಿ) ನೋಡ್ರಿ. 37777 ಪೋರ್ಟಿನ ಡಿವಿಆರ್ ಸಾಮಾನ್ಯವಾಗಿ ಫ್ಯಾಕ್ಟರಿಯಿಂದ 192.168.1.108, ಗೇಟ್‌ವೇ 192.168.1.1 ಅಂತ ಬರ್ತಾವ. ಐಪಿ ಅಷ್ಟ ಬದಲಿಸಿ ಗೇಟ್‌ವೇ ಹಂಗ ಬಿಟ್ರ ಮನಿ ಒಳಗ ಎಲ್ಲಾ ಕಾಣತೈತಿ, ಹೊರಗ ಹೋಗಾಕ ಮಾತ್ರ ದಾರಿ ಇಲ್ಲ. ಗೇಟ್‌ವೇ 192.168.0.1 ಮಾಡ್ರಿ, ಡಿಎನ್‌ಎಸ್ (ಹೆಸರಿಂದ ಐಪಿ ಹುಡುಕಿ ಕೊಡೂ ಸರ್ವರ್) 8.8.8.8 ಕೊಡ್ರಿ. ಪಿ2ಪಿ ಎನೇಬಲ್ ಮಾಡಿ ಸ್ಟೇಟಸ್ 'ಆನ್‌ಲೈನ್' ಆದ ಮ್ಯಾಲ ಕ್ಯೂಆರ್ ಕೋಡ್ ಆ್ಯಪಿನಾಗ ಸ್ಕ್ಯಾನ್ ಮಾಡ್ರಿ. ಫೋನಿನಾಗ ಸಬ್ ಸ್ಟ್ರೀಮ್ (ಕಡಿಮಿ ಗುಣಮಟ್ಟದ ವಿಡಿಯೊ) ಸಾಕು: ಕ್ಯಾಮೆರಾಕ್ಕ 512 ಕೆಬಿಪಿಎಸ್ ಇಟ್ರ ನಾಲ್ಕಕ್ಕೂ ಕೂಡಿ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್.

ಬೆಳಗಾವಿ_ಲ್ಯಾನ್:
ಸರ್, ಆ 37777 ಫಾರ್ವರ್ಡಿಂಗ್ ಇವತ್ತೇ ಅಳಿಸಿ, ರೌಟರಿನ ಯುಪಿಎನ್‌ಪಿಯನ್ನೂ (ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಬಂದ್ ಮಾಡಿ. ನಾಳೆ ಪಬ್ಲಿಕ್ ಐಪಿ ಸಿಕ್ಕರೆ ಆ ಗಳಿಗೆಯಿಂದಲೇ ಡಿವಿಆರ್ ಲಾಗಿನ್ ಎಲ್ಲರ ಕೈಗೂ ಸಿಗುತ್ತದೆ. 2016ರಲ್ಲಿ ಮಿರಾಯ್ ಮಾಲ್‌ವೇರ್ ಹಬ್ಬಿದ್ದು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಡಿವಿಆರ್, ಕ್ಯಾಮೆರಾ, ರೌಟರುಗಳ ಮೂಲಕವೇ. ಪೋರ್ಟ್ ನಂಬರ್ ಬದಲಿಸಿದರೆ ರಕ್ಷಣೆ ಆಯಿತು ಎಂದುಕೊಳ್ಳಬೇಡಿ. 65,535 ಪೋರ್ಟುಗಳನ್ನೂ ತಡಕುವ ಪ್ರೋಗ್ರಾಮುಗಳಿವೆ.

ಪಿ2ಪಿಯ ಹೊರಗಿನ ಸರ್ವರ್ ನಡುವೆ ಬರುವುದು ಬೇಡ ಅನಿಸಿದರೆ ವಿಪಿಎನ್ (ವಸ್ತಿಯ ನೆಟ್‌ವರ್ಕಿಗೆ ಸುರಂಗದಂಥ ಸುರಕ್ಷಿತ ದಾರಿ) ಹಾಕಿ. ಪಬ್ಲಿಕ್ ಐಪಿ ಇದ್ದಲ್ಲಿ ರೌಟರಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್, ಯುಡಿಪಿ 51820 ಒಂದೇ ತೆರೆದರಾಯಿತು. ಸಿಜಿನ್ಯಾಟ್ ಇದ್ದಲ್ಲಿ ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ: ಸದಾ ಚಾಲೂ ಇರುವ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಅಥವಾ ಹಳೇ ಕಂಪ್ಯೂಟರಿನಲ್ಲಿ ಹಾಕಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ, 192.168.0.0/24 ಸಬ್‌ನೆಟ್ ರೂಟ್ (ವಸ್ತಿಯ ಇಡೀ ನೆಟ್‌ವರ್ಕಿಗೆ ದಾರಿ) ಕೊಡಿ. ಅಡ್ಮಿನ್ ಪುಟದಲ್ಲಿ ಆ ರೂಟಿಗೆ ಒಪ್ಪಿಗೆ ಕೊಡುವುದೇ ಎಷ್ಟೋ ಜನರಿಗೆ ಮರೆತಿರುತ್ತದೆ. ಇನ್ನೊಂದು ತೊಡಕು: ನೀವು ಹೋದ ಮನೆಯ ವೈ-ಫೈ ಕೂಡ 192.168.0 ಆಗಿದ್ದರೆ ಫೋನು ಡಿವಿಆರನ್ನು ಆ ಮನೆಯಲ್ಲೇ ಹುಡುಕುತ್ತದೆ. ವಸ್ತಿಯ ನೆಟ್‌ವರ್ಕನ್ನು 192.168.47 ಥರ ಅಪರೂಪದ್ದಕ್ಕೆ ಬದಲಿಸಿ. ಡಿವಿಆರಿನ ಐಪಿ, ಗೇಟ್‌ವೇ, ಮೇಲಿನ ರೂಟ್ ಮೂರೂ ಜೊತೆಗೇ ಬದಲಾಗಬೇಕು.

ತಿಕೋಟಾ_ವಸ್ತಿ:
ಗೇಟ್‌ವೇ 192.168.1.1 ಅಂತನ ಇತ್ತು. ಬದಲಿಸಿದ ಕೂಡ್ಲೆ ಪಿ2ಪಿ ಆನ್‌ಲೈನ್ ಆತು, ಡೇಟಾದಾಗ ನಾಲ್ಕೂ ಬರ್ತಾವ. ಫಾರ್ವರ್ಡಿಂಗ್ ತಗದೀನಿ. ಆದ್ರ ಕರೆಂಟ್ ಹೋಗಿ ಬಂದ ಮ್ಯಾಲ ಒಮ್ಮೊಮ್ಮೆ ಆಫ್‌ಲೈನ್ ಆಗ್ತದ. ಡಿವಿಆರ್ ಇನ್ವರ್ಟರ್ ಮ್ಯಾಲ ಅದ, ರೌಟರ್ ಇಲ್ಲ.

ನವನಗರ_ನೆಟ್ (ಬಾಗಲಕೋಟೆ):
ರೌಟರಿನ ಡಿಎಚ್‌ಸಿಪಿ ಪಟ್ಟಿ (ರೌಟರ್ ತಾನ ಹಂಚೂ ಐಪಿಗಳ ಕೊನಿ ನಂಬರ್) ನೋಡ್ರಿ. ಅದು 100 ರಿಂದ 199 ತನಕ ಇದ್ರ ನಿಮ್ಮ 108 ಅದರೊಳಗ ಬೀಳತೈತಿ. ರೌಟರ್ ಹೊಸದಾಗಿ ಚಾಲೂ ಆದಾಗ ಅದ 108 ಯಾರದರ ಫೋನಿಗೆ ಹೋತಂದ್ರ ಎರಡೂ ಒಂದ ಐಪಿಗೆ ಗುದ್ದಾಡತಾವ. ಪಟ್ಟಿ 120 ರಿಂದ ಶುರು ಮಾಡ್ರಿ, ಡಿವಿಆರಿಗೆ 108 ಹಂಗ ಇರಲಿ.

ರೌಟರ್, ಒಎನ್‌ಟಿ ಎರಡನ್ನೂ ಇನ್ವರ್ಟರಿಗೆ ಹಚ್ಚ್ರಿ, ಇಲ್ಲಾ 12 ವೋಲ್ಟಿನ ಮಿನಿ ಯುಪಿಎಸ್ ತಗೋರಿ. ತಗೊಳ್ಳೂ ಮುಂದ ಎರಡೂ ಅಡಾಪ್ಟರ್ ಮ್ಯಾಲಿನ ಬರಹ ಓದ್ರಿ. ಒಂದು 12 ವೋಲ್ಟ್ 1 ಆಂಪಿಯರ್, ಇನ್ನೊಂದು 1.5 ಇದ್ರ ಒಟ್ಟು 2.5 ಆಂಪಿಯರ್ ಕೊಡೂದ ಬೇಕು. 9 ವೋಲ್ಟಿನ ರೌಟರಿಗೆ 12 ವೋಲ್ಟ್ ಪಿನ್ ಚುಚ್ಚಬ್ಯಾಡ್ರಿ, ಸುಡತೈತಿ.