ಇ ಅಂಡ್ ಸಿ 98 ಬ್ಯಾಚ್ ಗ್ರೂಪ್: ನಾಲ್ಕು ಡಿಸ್ಕ್, ಒಂದು ಪೂಲ್ (ಎಲ್ಲಾ ಸೇರಿದ ಒಂದೇ ಜಾಗ)

ಕಿಶೋರ್ (ಫಾರ್ವರ್ಡ್): "ಹಳೇ ಹಾರ್ಡ್ ಡಿಸ್ಕ್ ಎಸೀಬೇಡಿ! 8 + 4 + 4 + 2 = 18 ಟಿಬಿ, ಒಂದೇ ಡ್ರೈವ್ ಆಗಿ ಕಾಣುತ್ತೆ. ಪ್ಯಾರಿಟಿ ಇರೋದ್ರಿಂದ ಯಾವ ಡಿಸ್ಕ್ ಹೋದ್ರೂ ಡೇಟಾ ಸೇಫ್. ಬ್ಯಾಕಪ್ ಬೇಕಾಗೇ ಇಲ್ಲ. 4 ಬೇ ಯುಎಸ್‌ಬಿ ಡಾಕ್, 12 ವೋಲ್ಟ್ 5 ಆಂಪ್ ಅಡಾಪ್ಟರ್ ಸಾಕು."

ಕಿಶೋರ್: ಬ್ಯಾಚ್ ಫೋಟೊ, ಕ್ಯಾಸೆಟ್‌ನಿಂದ ತೆಗೆಸಿದ ವಿಡಿಯೊ ಎಲ್ಲಾ ಇದಕ್ಕೇ ಹಾಕೋಣ್ವಾ? ನಾಲ್ಕೂ ಡಿಸ್ಕ್ ಇವೆ, ಇದೇ ಸೈಜು.

ಸವಿತಾ: ಲೆಕ್ಕವೇ ತಪ್ಪು ಕಣೋ. ಪ್ಯಾರಿಟಿಗೆ, ಅಂದ್ರೆ ಸತ್ತ ಡಿಸ್ಕನ್ನ ಮತ್ತೆ ಕಟ್ಟೋ ಲೆಕ್ಕದ ಡೇಟಾಗೆ, ಜಾಗ ಕೊಡದೆ 18 ಹೇಗೆ ಬರುತ್ತೆ? ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ರೇಡ್‌ಝಡ್1 (ಒಂದು ಡಿಸ್ಕ್ ಹೋದ್ರೂ ತಡೆಯೋ ಜೋಡಣೆ) ಮಾಡು, ಮುಗೀತು. ಬರೆಯುವಾಗಲೇ ಪ್ಯಾರಿಟಿ, ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ತೋರಿಸೋ ಗುರುತು), ಓದುವಾಗ ಕೆಟ್ಟ ಬ್ಲಾಕ್ ಸಿಕ್ಕಿದ್ರೆ ತಾನೇ ರಿಪೇರಿ.

ಇಮ್ತಿಯಾಜ್: ಸವಿತಾ, ಅದೇ ಲೆಕ್ಕ ನಿನಗೂ ಹಾಕ್ತೀನಿ. ರೇಡ್‌ಝಡ್1ನಲ್ಲಿ ಪ್ರತಿ ಡಿಸ್ಕೂ ಅತಿ ಚಿಕ್ಕದರ ಅಳತೆಗೆ ಇಳಿಯುತ್ತೆ. ನಾಲ್ಕೂ 2 ಟಿಬಿ, ಒಂದು ಪಾಲು ಪ್ಯಾರಿಟಿಗೆ, ಉಳಿದದ್ದು 6 ಟಿಬಿ. 18ರಲ್ಲಿ 6! ಆ 2 ಟಿಬಿ ಡಿಸ್ಕ್ ಬಿಟ್ಟುಬಿಟ್ರೆ 8 ಸಿಗುತ್ತೆ. ಆಗಲೂ ದೊಡ್ಡ ಡಿಸ್ಕಿನ ಅರ್ಧ ಖಾಲಿ ಕೂತಿರುತ್ತೆ.
ಪ್ಯಾರಿಟಿ ಬರೆಯೋ ಸ್ನಾಪ್‌ರೇಡ್, ಅದರ ಮೇಲೆ ಡಿಸ್ಕ್‌ಗಳನ್ನ ಒಂದೇ ಡ್ರೈವ್ ಆಗಿ ತೋರಿಸೋ ಮರ್ಜರ್‌ಎಫ್‌ಎಸ್ ಹಾಕಿದ್ರೆ 8 ಟಿಬಿ ಪ್ಯಾರಿಟಿಗೆ, 4+4+2 ಡೇಟಾಗೆ. 10 ಟಿಬಿ. ವಿಂಡೋಸ್‌ನಲ್ಲಿ ನೋಡಿದ್ರೆ 9.09 ಅಂತ ಕಾಣುತ್ತೆ, ಗಾಬರಿ ಬೀಳಬೇಡಿ, ಎಣಿಕೆಯ ಪದ್ಧತಿ ಅಷ್ಟೇ. ಇನ್ನೊಂದು 8 ಟಿಬಿ ಕೊಂಡರೆ ಈಗಿನದೂ ಡೇಟಾಗೆ ಸೇರಿ ಪೂರ್ತಿ 18.

ಬಸವರಾಜ: ಅಂದ್ರ ಆ ಫಾರ್ವರ್ಡ್‌ನ್ಯಾಗ ಒಂದ್ ಡಿಸ್ಕ್ ಬರಿಯೋದು ಮರೆತಾರ 😄

ಸವಿತಾ: ಓಪನ್‌ಝಡ್‌ಎಫ್‌ಎಸ್ 2.3 ಬಂದ ಮೇಲೆ ಇರೋ ರೇಡ್‌ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸಬಹುದು. ಹಳೇ ಕಾಲದ ದೂರು ಹೇಳಬೇಡ.

ಇಮ್ತಿಯಾಜ್: ಸೇರಿಸಬಹುದು, ಒಪ್ಪಿದೆ. ಆದ್ರೆ ಆ ಚಿಕ್ಕ ಡಿಸ್ಕ್ ಇರೋ ತನಕ ಹೊಸ 8 ಟಿಬಿಯೂ 2 ಟಿಬಿ ಲೆಕ್ಕವೇ. ಇನ್ನೊಂದು ವಿಷಯ, ಎರಡು ಡಿಸ್ಕ್ ಒಟ್ಟಿಗೆ ಹೋದ್ರೆ ರೇಡ್‌ಝಡ್1 ಪೂಲ್ ಪೂರ್ತಿ ಹೋಯ್ತು. ನಾನು ಹೇಳಿದ್ದರಲ್ಲಿ ಆ ಎರಡರಲ್ಲಿ ಇದ್ದ ಫೈಲ್ ಮಾತ್ರ. ಉಳಿದದ್ದನ್ನ ಬಿಚ್ಚಿ ಯಾವ ಲಿನಕ್ಸ್ ಮೆಷಿನ್‌ಗೆ ಚುಚ್ಚಿದ್ರೂ ಓದಬಹುದು, ಲಿನಕ್ಸ್‌ನ ಮಾಮೂಲಿ ಫಾರ್ಮ್ಯಾಟ್ ಇಎಕ್ಸ್‌ಟಿ4.

ಸವಿತಾ: ಸರಿ, ಈಗ ನಿನ್ನದರ ಹುಳುಕು ನಾನು ಹೇಳ್ತೀನಿ. ಸ್ನಾಪ್‌ರೇಡ್ ಪ್ಯಾರಿಟಿ ಸಿಂಕ್ (ಪ್ಯಾರಿಟಿ ಹೊಸದಾಗಿ ಲೆಕ್ಕ ಹಾಕೋದು) ಮಾಡಿದ ಕ್ಷಣದ್ದು. ಸಿಂಕ್ ಆದಮೇಲೆ ಹಾಕಿದ ಫೋಟೊಗೆ ರಕ್ಷಣೆ ಇಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅಳಿಸೋದರ ಕಥೆ. ಒಂದೇ ಸ್ಥಾನದಲ್ಲಿರೋ ಮೂರು ಡೇಟಾ ಡಿಸ್ಕಿನ ಬ್ಲಾಕ್‌ಗಳನ್ನ ಎಕ್ಸಾರ್ (ಬಿಟ್‌ಗಳ ಒಂದು ಬಗೆಯ ಕೂಡಿಕೆ) ಮಾಡಿದ್ದೇ ಪ್ಯಾರಿಟಿ. ಎರಡನೇ ಡಿಸ್ಕಿನಿಂದ 50 ಜಿಬಿ ವಿಡಿಯೊ ಅಳಿಸಿದೆ ಅಂದುಕೊ, ಸಿಂಕ್‌ಗೆ ಮೊದಲೇ ಮೊದಲನೇ ಡಿಸ್ಕ್ ಸತ್ತಿತು. ಆ 50 ಜಿಬಿ ಇದ್ದ ಸ್ಥಾನಗಳಲ್ಲಿ ಸಮೀಕರಣದ ಒಂದು ಪದವೇ ಮಾಯ. ಅಲ್ಲಿದ್ದ ಮೊದಲನೇ ಡಿಸ್ಕಿನ ಫೈಲ್ ವಾಪಸ್ ಬರಲ್ಲ. ಅಳಿಸಿದ್ದು ಬೇರೆ, ಕಳೆದದ್ದು ಬೇರೆ!

ಕಿಶೋರ್: ಅಯ್ಯೋ. ಹಾಗಾದ್ರೆ ಬೇಡ್ವಾ?

ಇಮ್ತಿಯಾಜ್: ಸವಿತಾ ಹೇಳಿದ್ದು ನೂರಕ್ಕೆ ನೂರು ನಿಜ. ದಿನಾ ಬದಲಾಗೋ ಡೇಟಾಬೇಸ್, ವರ್ಚುವಲ್ ಮೆಷಿನ್ ಇದ್ರೆ ಸ್ನಾಪ್‌ರೇಡ್ ಹತ್ತಿರ ಹೋಗಲೇಬಾರದು. ಇಲ್ಲಿರೋದು ಒಮ್ಮೆ ಹಾಕಿ ಮುಟ್ಟದ ಫೋಟೊ, ವಿಡಿಯೊ. ಬೇಡದ್ದನ್ನ ಅಳಿಸದೆ ಒಂದು 'ಕಸ' ಫೋಲ್ಡರ್‌ಗೆ ಅದೇ ಡಿಸ್ಕ್‌ನಲ್ಲೇ ಸರಿಸಿ, ತಿಂಗಳಿಗೊಮ್ಮೆ ಖಾಲಿ ಮಾಡಿ ತಕ್ಷಣ ಸಿಂಕ್. ಅಪಾಯ ಆ ಕೆಲವು ಗಂಟೆಗೆ ಇಳಿಯುತ್ತೆ.

ಬಸವರಾಜ: ರಾತ್ರಿ ತಾನೇ ಸಿಂಕ್ ಆಗೋ ಹಂಗ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಸಾಧನ) ಹಾಕಿದ್ರ?

ಇಮ್ತಿಯಾಜ್: ಕಣ್ಣು ಮುಚ್ಚಿ ಹಾಕಬೇಡ. ಡಿಸ್ಕ್ ಪೂರ್ತಿ ಖಾಲಿ ಕಂಡ್ರೆ ಸ್ನಾಪ್‌ರೇಡ್ ತಾನೇ ನಿಲ್ಲುತ್ತೆ, ಫೋರ್ಸ್ ಎಂಪ್ಟಿ ಅನ್ನೋ ಆಯ್ಕೆ ಕೊಡದೆ ಮುಂದೆ ಹೋಗಲ್ಲ. ಆದ್ರೆ ಯಾರೋ ಅರ್ಧ ಫೋಲ್ಡರ್ ಅಳಿಸಿದ್ರೆ ಸುಮ್ಮನೆ ಅದನ್ನೇ ಸರಿ ಅಂತ ಸಿಂಕ್ ಮಾಡುತ್ತೆ, ಅಲ್ಲಿಗೆ ಹಳೇದು ಹೋಯ್ತು. ಸ್ಕ್ರಿಪ್ಟ್ ಮೊದಲು ಡಿಫ್ (ಏನೇನು ಬದಲಾಗಿದೆ ಅಂತ ತೋರಿಸೋ ಕಮಾಂಡ್) ಓಡಿಸಲಿ, ಅಳಿಸಿದ್ದು 40 ಫೈಲ್ ದಾಟಿದ್ರೆ ನಿಂತು ಮೆಸೇಜ್ ಕಳಿಸಲಿ.

ಸವಿತಾ: ಮೌಂಟ್ ಆಗದ, ಅಂದ್ರೆ ತನ್ನ ಫೋಲ್ಡರ್‌ಗೆ ಜೋಡಿಕೊಳ್ಳದ ಡಿಸ್ಕ್ ಇನ್ನೂ ಕಾಟ. ಮರ್ಜರ್‌ಎಫ್‌ಎಸ್ ಖಾಲಿ ಫೋಲ್ಡರ್ ನೋಡಿ ಅಲ್ಲಿಗೇ ಬರೆಯುತ್ತೆ, ಸಿಸ್ಟಮ್ ಎಸ್‌ಎಸ್‌ಡಿ ತುಂಬಿ ಬಾಕ್ಸ್ ಮಲಗುತ್ತೆ. ಮೌಂಟ್ ಮಾಡೋಕೆ ಮೊದಲೇ ಆ ಖಾಲಿ ಫೋಲ್ಡರ್‌ಗಳಿಗೆ ಚ್ಯಾಟರ್ ಪ್ಲಸ್ ಐ ಕಮಾಂಡ್ ಹಾಕಿಡು, ಯಾರೂ ಬರೆಯೋಕಾಗಲ್ಲ. ಎಫ್‌ಸ್ಟ್ಯಾಬ್‌ನಲ್ಲಿ (ಮೌಂಟ್ ಪಟ್ಟಿಯ ಫೈಲ್) ಎಸ್‌ಡಿಎ, ಎಸ್‌ಡಿಬಿ ಅಂತ ಬದಲಾಗೋ ಹೆಸರು ಬರೀಬೇಡ, ಡಿಸ್ಕಿನ ಖಾಯಂ ಗುರುತು ಯುಯುಐಡಿ ಬರಿ.

ಕಿಶೋರ್: ಫಾರ್ಮ್ಯಾಟ್ ಮಾಡೋದು ಹೇಗೆ, ಅದೊಂದು ಹೇಳಿ.

ಇಮ್ತಿಯಾಜ್: ಡೇಟಾ ಡಿಸ್ಕ್ ಮಾಮೂಲಿ ಇಎಕ್ಸ್‌ಟಿ4. ಪ್ಯಾರಿಟಿ ಡಿಸ್ಕ್‌ಗೆ ಮಾತ್ರ ರಿಸರ್ವ್ (ಸಿಸ್ಟಮ್‌ಗೆ ಮೀಸಲಿಡೋ ಜಾಗ) ಸೊನ್ನೆ, ಅಂದ್ರೆ ಮೈನಸ್ ಎಂ 0, ಮತ್ತು ದೊಡ್ಡ ಫೈಲ್‌ಗೆ ಹೊಂದೋ ಟೈಪ್ ಲಾರ್ಜ್‌ಫೈಲ್4. ಕಾರಣ ಇದೆ. ಸ್ನಾಪ್‌ರೇಡ್ ಬ್ಲಾಕ್ 256 ಕೆಬಿ, ಪ್ರತಿ ಫೈಲಿನ ಕೊನೆಯಲ್ಲಿ ಸರಾಸರಿ ಅರ್ಧ ಬ್ಲಾಕ್ ವ್ಯರ್ಥ. ಒಂದು ಡಿಸ್ಕ್‌ನಲ್ಲಿ 5 ಲಕ್ಷ ಫೋಟೊ ಇದ್ರೆ ಪ್ಯಾರಿಟಿಯಲ್ಲಿ 60 ಜಿಬಿಗಿಂತ ಹೆಚ್ಚು ಜಾಸ್ತಿ ಬೇಕು. ಡೇಟಾ ಡಿಸ್ಕ್, ಪ್ಯಾರಿಟಿ ಡಿಸ್ಕ್ ಎರಡೂ 8 ಟಿಬಿ ಆದ ದಿನ ಪ್ಯಾರಿಟಿ ಮೊದಲು ತುಂಬಿ ಸಿಂಕ್ ಕೈ ಕೊಡುತ್ತೆ. ಡೇಟಾ ಡಿಸ್ಕ್‌ನ ಮಾಮೂಲಿ 5% ರಿಸರ್ವ್ ಹಾಗೇ ಬಿಟ್ರೆ ಅಷ್ಟು ಅಂತರ ತಾನೇ ಉಳಿಯುತ್ತೆ. ಜಾಗ ಉಳಿಸೋಕೆ ಹೋಗಿ ಅದನ್ನ ತೆಗೀಬೇಡ.
ಕಂಟೆಂಟ್ ಫೈಲ್ (ಯಾವ ಫೈಲ್ ಎಲ್ಲಿದೆ ಅನ್ನೋ ಸ್ನಾಪ್‌ರೇಡ್ ಪಟ್ಟಿ) ಒಂದೇ ಕಡೆ ಇಡಬೇಡ. ಒಂದು ಪ್ಯಾರಿಟಿಗೆ ಕನಿಷ್ಠ ಎರಡು, ಬೇರೆ ಬೇರೆ ಡಿಸ್ಕ್‌ನಲ್ಲಿ. ಅದಿಲ್ಲದೆ ಪ್ಯಾರಿಟಿ ಇದ್ದೂ ಇಲ್ಲದ ಹಾಗೆ.

ಬಸವರಾಜ: ಮರ್ಜರ್‌ಎಫ್‌ಎಸ್ ಪಾಲಿಸಿ ಯಾವ್ದು ಇಡಬೇಕು?

ಇಮ್ತಿಯಾಜ್: ಎಂಎಫ್‌ಎಸ್. ಹೆಚ್ಚು ಖಾಲಿ ಇರೋ ಡಿಸ್ಕ್‌ಗೆ ಹೊಸ ಫೈಲ್. ಒಂದೇ ಆಲ್ಬಮ್ ಮೂರು ಕಡೆ ಚದುರುತ್ತೆ, ಅದು ಅದರ ತಂಟೆ. ಇಪಿಯಿಂದ ಶುರುವಾಗೋ ಪಾಲಿಸಿ ಫೋಲ್ಡರ್ ಇರೋ ಡಿಸ್ಕ್‌ಗೇ ಅಂಟಿಕೊಳ್ಳುತ್ತೆ. ಆಮೇಲೆ ಆ ಡಿಸ್ಕ್ ತುಂಬಿದ್ರೆ ಪೂಲ್‌ನಲ್ಲಿ ಟಿಬಿಗಟ್ಟಲೆ ಖಾಲಿ ಇದ್ರೂ 'ಜಾಗ ಇಲ್ಲ' ಅನ್ನುತ್ತೆ. ಮಿನ್‌ಫ್ರೀಸ್ಪೇಸ್ (ಇದಕ್ಕಿಂತ ಕಮ್ಮಿ ಖಾಲಿ ಇದ್ರೆ ಆ ಡಿಸ್ಕ್‌ಗೆ ಹೊಸ ಫೈಲ್ ಹೋಗಲ್ಲ) 100 ಜಿಬಿ ಇಡು, ಮೊದಲೇ ಇರೋ 4 ಜಿಬಿ ದೊಡ್ಡ ವಿಡಿಯೊಗೆ ಸಾಲಲ್ಲ.

ಸವಿತಾ: ಫಾರ್ವರ್ಡ್‌ನಲ್ಲಿರೋ ಆ ಡಾಕ್ (ಡಿಸ್ಕ್ ಚುಚ್ಚೋ ಪೆಟ್ಟಿಗೆ) ಬೇಡವೇ ಬೇಡ. 3.5 ಇಂಚಿನ ಡಿಸ್ಕ್ ತಿರುಗೋಕೆ ಶುರುವಾಗುವಾಗ 12 ವೋಲ್ಟ್‌ನಲ್ಲಿ 2 ಆಂಪ್ ತನಕ ಎಳೆಯುತ್ತೆ. ನಾಲ್ಕು ಒಟ್ಟಿಗೆ ಎದ್ದರೆ 8 ಆಂಪ್, ಇವರು ಕೊಟ್ಟಿದ್ದು 5. ಒಂದು ಡಿಸ್ಕ್ ಎದ್ದು ಬಿದ್ದು ಮಾಡುತ್ತೆ, ಜನ ಡಿಸ್ಕೇ ಕೆಟ್ಟಿದೆ ಅಂತ ಎಸೆಯುತ್ತಾರೆ. ಹಳೇ ಡೆಸ್ಕ್‌ಟಾಪ್, ಡಿಸ್ಕ್ ಜೋಡಿಸೋ ನಾಲ್ಕೈದು ಸಾಟಾ ಪೋರ್ಟ್, ಒಳ್ಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಾಕು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ ಮಾದರಿಯ ಮೋಲೆಕ್ಸ್‌ನಿಂದ ಸಾಟಾ ಪವರ್ ಕೇಬಲ್ ತಗೊಂಡ್ರೆ ಪೂರ್ತಿ ಅಚ್ಚು ಹಾಕಿ ಮುಚ್ಚಿದ ಕನೆಕ್ಟರ್ ಬೇಡ, ಒಳಗೆ ಶಾರ್ಟ್ ಆಗಿ ಸುಡೋದು ಅದೇ.

ಬಸವರಾಜ: ಯುಪಿಎಸ್ ಬೇಕಾ? ಕರೆಂಟ್ ಹೋಗೋದು ಗೊತ್ತಲ್ಲ.

ಇಮ್ತಿಯಾಜ್: ಬೇಕು. ಮೊದಲ ಸಿಂಕ್ ಸಣ್ಣದಲ್ಲ. ಡಿಸ್ಕ್‌ಗಳನ್ನ ಒಟ್ಟಿಗೆ ಓದೋದ್ರಿಂದ ದೊಡ್ಡ ಡೇಟಾ ಡಿಸ್ಕ್ ಲೆಕ್ಕ. 4 ಟಿಬಿ ತುಂಬಿದ್ರೆ ಸೆಕೆಂಡಿಗೆ 150 ಎಂಬಿಯಂತೆ ಏಳೂವರೆ ಗಂಟೆ. ಆಟೋಸೇವ್ 500 ಹಾಕಿದ್ರೆ 500 ಜಿಬಿಗೊಮ್ಮೆ ಗುರುತು ಹಾಕಿಕೊಳ್ಳುತ್ತೆ, ಮಧ್ಯೆ ನಿಂತ್ರೂ ಅಲ್ಲಿಂದಲೇ ಮುಂದೆ.

ಸವಿತಾ: ಕಿಶೋರ್, ಎಲ್ಲಕ್ಕಿಂತ ಮೊದಲು ಸ್ಮಾರ್ಟ್ (ಡಿಸ್ಕ್ ತಾನೇ ಬರೆದಿಡೋ ಆರೋಗ್ಯದ ವರದಿ) ನೋಡು. ಕೆಟ್ಟ ಸೆಕ್ಟರ್ ಎಣಿಸೋ 5, 197, 198ನೇ ಸಾಲಿನಲ್ಲಿ ಸೊನ್ನೆ ಬಿಟ್ಟು ಏನಾದ್ರೂ ಇದ್ರೆ ಆ ಡಿಸ್ಕ್ ಸೇರಿಸಬೇಡ. 199 ಏರುತ್ತಿದ್ರೆ ಸಾಮಾನ್ಯವಾಗಿ ಕೇಬಲ್‌ದೇ ದೋಷ. 4 ಟಿಬಿ ಎರಡರ ಮಾಡೆಲ್ ನಂಬರ್ ಏನು?

ಕಿಶೋರ್: ಎರಡೂ ಡಬ್ಲ್ಯೂಡಿ ರೆಡ್. ಒಂದು ಡಬ್ಲ್ಯೂಡಿ40ಇಎಫ್‌ಆರ್‌ಎಕ್ಸ್, ಇನ್ನೊಂದು ಇಎಫ್‌ಎಎಕ್ಸ್.

ಸವಿತಾ: ಆರ್‌ಎಕ್ಸ್ ಸಿಎಂಆರ್ (ಟ್ರ್ಯಾಕ್ ಬೇರೆ ಬೇರೆ), ಎಎಕ್ಸ್ ಎಸ್‌ಎಂಆರ್. 2020ರಲ್ಲಿ ಕಂಪನಿಯೇ ಒಪ್ಪಿಕೊಂಡ ವಿಷಯ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್ ಒಂದರ ಮೇಲೊಂದು ಹೊದ್ದಿರೋದ್ರಿಂದ ಎಡೆಬಿಡದೆ ಬರೆದ್ರೆ ಕುಂಟುತ್ತೆ. ಅದಿದ್ರೆ ನಾನೂ ಝಡ್‌ಎಫ್‌ಎಸ್ ಹೇಳಲ್ಲ, ಸತ್ತ ಡಿಸ್ಕ್ ಬದಲಿಸಿದ ಮೇಲಿನ ಮರುಜೋಡಣೆಯಲ್ಲಿ ಒದ್ದಾಡುತ್ತೆ.

ಇಮ್ತಿಯಾಜ್: ಇಲ್ಲಿ ಡೇಟಾ ಡಿಸ್ಕ್ ಆಗಿ ನಡೆಯುತ್ತೆ, ಪ್ಯಾರಿಟಿಗೆ ಮಾತ್ರ ಬೇಡ.

ಸವಿತಾ: ಈ ಡಿಸ್ಕ್‌ಗಳಿಗೆ ಸ್ನಾಪ್‌ರೇಡ್, ಒಪ್ಪಿದೆ. ನಾಲ್ಕು ಒಂದೇ ಸೈಜಿನ ಸಿಎಂಆರ್ ಕೊಂಡ ದಿನ ನನ್ನ ಝಡ್‌ಎಫ್‌ಎಸ್ ಮಾತೇ. ಮತ್ತೆ ಆ 'ಬ್ಯಾಕಪ್ ಬೇಕಾಗೇ ಇಲ್ಲ' ಅನ್ನೋ ಸಾಲು ಮೊದಲು ಡಿಲೀಟ್ ಮಾಡು ಕಿಶೋರ್. ಬೆಂಕಿ, ಕಳ್ಳ, ರಾನ್ಸಮ್‌ವೇರ್ ಯಾವುದಕ್ಕೂ ಪ್ಯಾರಿಟಿ ಅಡ್ಡ ಬರಲ್ಲ.

ಬಸವರಾಜ: ಫೋಟೊ ಅಷ್ಟ 800 ಜಿಬಿ ಅದಾವ. ಒಂದ್ ಪೋರ್ಟಬಲ್‌ಗೆ ಹಾಕಿ ಹುಬ್ಬಳ್ಳಿಗೆ ಕಳಸ್ರಿ, ನಮ್ಮನ್ಯಾಗ ಇರ್ಲಿ. ವಿಡಿಯೊದ ಕ್ಯಾಸೆಟ್ ಇನ್ನೂ ಅದಾವಲ್ಲ, ಅವನ್ನ ಯಾರೂ ಎಸೀಬ್ಯಾಡ್ರಿ.

ಕಿಶೋರ್: ಡಿಲೀಟ್ ಮಾಡಿದೆ. 2 ಟಿಬಿದರಲ್ಲಿ 197ನೇ ಸಾಲಿನಲ್ಲಿ 16 ಅಂತಿದೆ.

ಇಮ್ತಿಯಾಜ್: ಹಾಗಾದ್ರೆ ಅದು ಹೊರಗೆ. ಒಳ್ಳೇ ಸೆಕ್ಟರ್ ಇನ್ನೂ ಇರೋವಾಗಲೇ ಅದರಲ್ಲಿರೋದನ್ನ ಕಾಪಿ ಮಾಡಿಕೊ, ಸ್ಕ್ಯಾನ್ ಗೀನ್ ಆಮೇಲೆ.