ತಲೆಗೆ ಪೆಟ್ಟಾದವರ ಬಗ್ಗೆ ಪೈಲಟ್ ಸ್ಟಡಿ: 10 ಲಕ್ಷದ ಬಜೆಟ್ ಹೀಗೆ ಹಾಕಿದರೆ ಸರಿನಾ?

ವಿಲ್ಸನ್‌ಗಾರ್ಡನ್_ಲ್ಯಾಬ್ ಕೇಳಿದ್ದು:

ನಮಸ್ಕಾರ. ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಮುಗಿದು ಎರಡು ವರ್ಷ ಆಯಿತು.

ಬೈಕಿನಿಂದ ಬಿದ್ದವರು ಕ್ಯಾಶುವಾಲ್ಟಿಗೆ ಬರುತ್ತಾರೆ. ಎಚ್ಚರ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೋ ಸ್ಕೋರ್ 15ಕ್ಕೆ 14 ಅಥವಾ 15. ಸಿಟಿ ಸ್ಕ್ಯಾನ್ ನಾರ್ಮಲ್. "ಏನಿಲ್ಲ, ಮನೆಗೆ ಹೋಗಿ" ಅಂತಾರೆ. ಆದರೆ ಕೆಲವರಿಗೆ ತಿಂಗಳುಗಟ್ಟಲೆ ತಲೆನೋವು, ಮರೆವು, ಸುಮ್ಸುಮ್ನೆ ಸಿಟ್ಟು. ಯಾರಿಗೆ ಹೀಗಾಗಬಹುದು ಅಂತ ಮೊದಲ ದಿನದ ರಕ್ತದಲ್ಲೇ ಸುಳಿವು ಸಿಗುತ್ತದಾ ಅಂತ ನೋಡಬೇಕು. ಮೆದುಳಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಜಿಎಫ್‌ಎಪಿ, ಯುಸಿಎಚ್-ಎಲ್1 ಅನ್ನೋ ಎರಡು ಪ್ರೋಟೀನ್‌ಗಳನ್ನೂ ಅಳೆಯೋಣ ಅಂತಿದ್ದೇನೆ. 2018ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಪರೀಕ್ಷೆ ಇವೆರಡರದ್ದೇ. ಆದರೆ ಅದು ಸಿಟಿ ಬೇಕಾ ಬೇಡ್ವಾ ಅಂತ ತಿಳಿಯೋಕೆ ಮಾತ್ರ.

ಹೋದ ವರ್ಷ ಒಂದು ಕಡೆ ದೊಡ್ಡ ಪ್ರಪೋಸಲ್ ಕಳಿಸಿದ್ದೆ. "ಪ್ರಿಲಿಮಿನರಿ ಡೇಟಾ ಇಲ್ಲ" ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದರು. ದುಡ್ಡಿಲ್ಲದೆ ಡೇಟಾ ಎಲ್ಲಿಂದ ತರಲಿ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಒಂದು ವರ್ಷದ ಪೈಲಟ್‌ಗೆ, ಅಂದರೆ ಸಣ್ಣ ಪ್ರಾಯೋಗಿಕ ಸ್ಟಡಿಗೆ, 10 ಲಕ್ಷ ಕೇಳುತ್ತಿದ್ದೇನೆ. 60 ಜನ, ಆರು ತಿಂಗಳ ಫಾಲೋಅಪ್. ಅದರಲ್ಲಿ 7 ಲಕ್ಷ ಪ್ರೋಟೀನ್ ಅಳೆಯುವ ಕಿಟ್‌ಗೇ ಹೋಗುತ್ತದೆ. ಎಲ್ಲಿ ಕೇಳಲಿ, ಹೇಗೆ ಕೇಳಲಿ?

ಆರುತಿಂಗಳ_ಕರೆ:

ಮೇಡಂ, ನಾನು ಇಂಥದ್ದೇ ಪ್ರಾಜೆಕ್ಟ್‌ನಲ್ಲಿ ನಾಲ್ಕು ವರ್ಷ ಅಸಿಸ್ಟೆಂಟ್ ಆಗಿದ್ದೆ. ಫಾಲೋಅಪ್ ಫೋನ್ ಮಾಡೋದೇ ನನ್ನ ಕೆಲಸ. ಅದಕ್ಕೇ ನಿಮ್ಮ ಬಜೆಟ್ ನೋಡಿ ಸಂಕಟ ಆಯಿತು. ಫೋನ್ ಮಾಡೋಕೆ ಯಾರೂ ಇಲ್ಲವಲ್ಲ.

ಆಸ್ಪತ್ರೆಯಲ್ಲಿ ಬರೆಸಿಕೊಂಡ ನಂಬರ್ ಎಷ್ಟೋ ಸಲ ಪೇಶೆಂಟ್‌ದಲ್ಲ. ಕರೆತಂದ ಆಟೋದವರದ್ದು, ಪಕ್ಕದ ಅಂಗಡಿಯವರದ್ದು. ಒಮ್ಮೆ ಮಾಗಡಿ ಕಡೆಯ ಒಬ್ಬ ಹುಡುಗನಿಗೆ ಒಂಬತ್ತು ಸಲ ಫೋನ್ ಮಾಡಿದೆ. ಕೊನೆಗೆ ಅವನ ತಾಯಿ ಎತ್ತಿದರು. "ಚೆನ್ನಾಗವ್ನೆ ಕಣಮ್ಮ, ಉಣ್ತಾನೆ, ಮಲಗ್ತಾನೆ" ಅಂದರು. ಕೆಲಸಕ್ಕೆ ಹೋಗ್ತಾನಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, ವೈರಿಂಗ್ ಕೆಲಸದವನು, ಈಗ ಯಾವ ವೈರ್ ಎಲ್ಲಿಗೆ ಅಂತ ಮರೆತುಬಿಡ್ತಾನೆ, ಮೇಸ್ತ್ರಿ ಬೇಡ ಅಂದುಬಿಟ್ಟ ಅಂತ. ಆ ಎರಡನೇ ಪ್ರಶ್ನೆ ಕೇಳದಿದ್ದರೆ ಅವನ ಹೆಸರಿನ ಮುಂದೆ "ಗುಣವಾಗಿದೆ" ಅಂತ ಬರೆದುಬಿಡುತ್ತಿದ್ದೆ. ನಿಮ್ಮ ಕಿಟ್ ಎಷ್ಟು ಒಳ್ಳೆಯದಿದ್ದರೂ ಲೆಕ್ಕ ತಪ್ಪುತ್ತಿತ್ತು.

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ದರದಲ್ಲಿ ಒಬ್ಬರನ್ನು ಇಟ್ಟುಕೊಂಡರೆ ತಿಂಗಳಿಗೆ 37,000, ವರ್ಷಕ್ಕೆ 4,44,000. ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಬೇರೆ. ಜಾಸ್ತಿ ಅನ್ನಿಸುತ್ತದೆ, ಆದರೂ ಮೊದಲು ಇದನ್ನೇ ಬರೆಯಿರಿ. ಬಸ್ ಚಾರ್ಜ್, ಒಂದು ದಿನದ ಕೂಲಿ ಹೋಗುವುದಕ್ಕೂ ಸ್ವಲ್ಪ ಇಡಿ.

ಇನ್ನೊಂದು. ಒಂದು ವರ್ಷದ ಗ್ರಾಂಟ್‌ನಲ್ಲಿ ಆರು ತಿಂಗಳ ಫಾಲೋಅಪ್ ಅಂದರೆ ಮೊದಲ ಆರು ತಿಂಗಳಲ್ಲೇ ಎಲ್ಲರನ್ನೂ ಸೇರಿಸಿಕೊಳ್ಳಬೇಕು. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ಇಲ್ಲದಿದ್ದರೆ ಮೂರು ತಿಂಗಳ ಫಾಲೋಅಪ್ ಅಂತ ಬದಲಿಸಿ.

ಮೈನಸ್80:

ಕಿಟ್ ಬಗ್ಗೆ ಒಂದು ಮಾತು. ಪ್ರೋಟೀನ್ ಅಳೆಯುವ ಒಂದು ಎಲೈಸಾ ಪ್ಲೇಟ್‌ನಲ್ಲಿ 96 ಗುಳಿ. ಸ್ಟ್ಯಾಂಡರ್ಡ್‌ಗೆ (ಪ್ರೋಟೀನ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಮಾದರಿ) 16 ಬಿಟ್ಟರೆ 80. ಒಬ್ಬೊಬ್ಬರದ್ದು ಎರಡೆರಡು ಗುಳಿ ಹಾಕಿದರೆ 40 ಜನ. ಹಾಗಾಗಿ 40 ಜನ ಸಾಕು. ಸೀರಮ್ ಫ್ರೀಜರ್‌ನಲ್ಲಿಟ್ಟು, ಎಲ್ಲ ಸೇರಿದ ಮೇಲೆ ಒಂದೇ ದಿನ ಮಾಡಿ. ಯುಸಿಎಚ್-ಎಲ್1 ರಕ್ತದಲ್ಲಿ ಬೇಗ ಏರಿ ಬೇಗ ಇಳಿಯುತ್ತದೆ, ಜಿಎಫ್‌ಎಪಿ ಜಾಸ್ತಿ ಹೊತ್ತು ಉಳಿಯುತ್ತದೆ. ನಮ್ಮಲ್ಲಿ ಮೊದಲು ಹತ್ತಿರದ ನರ್ಸಿಂಗ್ ಹೋಂ, ಆಮೇಲೆ ದೊಡ್ಡಾಸ್ಪತ್ರೆ ಅಲ್ವಾ? ಹೊತ್ತು ಕಳೆದಿರುತ್ತದೆ. ಜಿಎಫ್‌ಎಪಿ ಒಂದೇ ಇಟ್ಟುಕೊಳ್ಳಿ. ಬಿದ್ದ ಸಮಯ ತಪ್ಪದೆ ಬರೆಸಿ. ಸಣ್ಣ ಪೆಟ್ಟಿನಲ್ಲಿ ಪ್ರೋಟೀನ್ ತೀರಾ ಕಮ್ಮಿ ಇರುತ್ತದೆ. ಸಾಮಾನ್ಯ ಕಿಟ್‌ಗೆ ಅದು ಸಿಗುತ್ತದಾ ಅಂತ ಪತ್ತೆ ಮಾಡೋದೇ ಪೈಲಟ್‌ನ ಒಂದು ಪ್ರಶ್ನೆ ಅಂತ ನೇರವಾಗಿ ಬರೆಯಿರಿ.

ಎಲ್ಲಿ ಅಂದರೆ, ಕರ್ನಾಟಕ ಸರ್ಕಾರದ ವಿಜಿಎಸ್‌ಟಿಯಲ್ಲಿ (ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ) ಯುವ ವಿಜ್ಞಾನಿಗಳಿಗೆ ಸೀಡ್ ಮನಿ ಅಂತ ಸ್ಕೀಮ್ ಇದೆ. ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದ್ದರೆ ಅಲ್ಲೂ ಕೇಳಿ. ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ ಅರ್ಲಿ ಕರಿಯರ್ ಗ್ರಾಂಟ್ ಮೂರು ವರ್ಷಕ್ಕೆ 60 ಲಕ್ಷದವರೆಗೆ. ಅದು ಈ ಪೈಲಟ್ ಆದ ಮೇಲಿನ ಹೆಜ್ಜೆ.

ತಮ್ಮನ_ಅಣ್ಣ:

ನಾನು ವಿಜ್ಞಾನದವನಲ್ಲ. ನನ್ನ ತಮ್ಮ ನಾಯಂಡಹಳ್ಳಿ ಹತ್ತಿರ ಬಿದ್ದಿದ್ದ. ಒಂದು ಆಸ್ಪತ್ರೆಯಲ್ಲಿ ಏನೋ ಸ್ಟಡಿ ಅಂತ ಸಹಿ ಹಾಕಿಸಿಕೊಂಡರು. ರಾತ್ರಿ ಎರಡು ಗಂಟೆ, ನನ್ನ ಶರ್ಟ್ ಮೇಲೆ ಇನ್ನೂ ರಕ್ತ ಇತ್ತು. ಏನು ಬರೆದಿದೆ ಅಂತ ಓದಲೇ ಇಲ್ಲ. ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಮಾಡಿದ್ದರೆ ಹೇಳುತ್ತಿದ್ದೆ, ಅವನಿಗೆ ಟ್ಯೂಬ್‌ಲೈಟ್ ಬೆಳಕು ತಡೆಯೋಕೆ ಆಗ್ತಿರಲಿಲ್ಲ, ನಾಲ್ಕು ತಿಂಗಳು ಕತ್ತಲಲ್ಲೇ ಊಟ ಮಾಡಿದ ಅಂತ.

ವಿಲ್ಸನ್‌ಗಾರ್ಡನ್_ಲ್ಯಾಬ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಬಜೆಟ್ ತಿದ್ದಿದೆ. 40 ಜನ, ಒಂದೇ ಪ್ರೋಟೀನ್, ಒಬ್ಬರು ಪೂರ್ತಿ ವರ್ಷ ಫಾಲೋಅಪ್‌ಗೆ. ಎರಡೆರಡು ನಂಬರ್ ಬರೆಸಿಕೊಳ್ಳುತ್ತೇವೆ. ಬೆಳಕಿನ ವಿಷಯವನ್ನೂ ಪ್ರಶ್ನೆಗಳಲ್ಲಿ ಸೇರಿಸಿದ್ದೇನೆ.

ತಮ್ಮನ ಅಣ್ಣ ಅವರೇ, ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಎರಡು ಪುಟ. ರಾತ್ರಿ ಎರಡು ಗಂಟೆಗೆ ಕೈಗೆ ಕೊಟ್ಟರೆ ಅರ್ಥ ಆಗುತ್ತದಾ ಅಂತ ನೀವು ಒಮ್ಮೆ ಓದಿ ಹೇಳುತ್ತೀರಾ?